ಸಹಾಯ ಬೇಕು: ಒಪ್ಪಂದದ ಮಾನವ ಹಕ್ಕಿನ ಷರತ್ತು ಮತ್ತು ಸಂಸತ್ತು

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ನಮ್ಮ ಓದುಗರ ಬಳಗದಲ್ಲಿ ಈ ವಿಷಯ ಮಾತಾಡಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಯುರೋಪಿಯನ್ ಒಕ್ಕೂಟ 1990ರ ದಶಕದಿಂದ ಬೇರೆ ದೇಶಗಳ ಜೊತೆಗಿನ ತನ್ನ ಒಪ್ಪಂದಗಳಲ್ಲಿ ಮಾನವ ಹಕ್ಕಿನ ಷರತ್ತು, ಅಂದರೆ ಎರಡೂ ಕಡೆಯವರು ಮಾನವ ಹಕ್ಕುಗಳನ್ನು ಗೌರವಿಸಬೇಕು ಎಂಬ ಷರತ್ತು, ಸೇರಿಸುತ್ತಾ ಬಂದಿದೆ. ಭಾರತದ ಜೊತೆಗಿನ 1994ರ ಸಹಕಾರ ಒಪ್ಪಂದದ ಮೊದಲ ವಿಧಿಯಲ್ಲೇ ಅದಿದೆ. 2009ರಲ್ಲಿ ಒಕ್ಕೂಟದ ಆಡಳಿತದ ನಿಯಮ ಬದಲಿಸಿದ ಲಿಸ್ಬನ್ ಒಪ್ಪಂದ ಜಾರಿಗೆ ಬಂದ ಮೇಲೆ ವ್ಯಾಪಾರ ಒಪ್ಪಂದಗಳಿಗೆ ಯುರೋಪಿಯನ್ ಸಂಸತ್ತಿನ ಒಪ್ಪಿಗೆ ಬೇಕೇ ಬೇಕು. ಆದರೆ ಷರತ್ತು ಮುರಿದರೆ ಒಪ್ಪಂದವನ್ನು ಅಮಾನತಿನಲ್ಲಿಡುವುದು ಒಕ್ಕೂಟದ ಸದಸ್ಯ ದೇಶಗಳ ಮಂತ್ರಿಗಳ ಪರಿಷತ್ತು. ಸಂಸತ್ತಿಗೆ ಬರೀ ಮಾಹಿತಿ ಕೊಟ್ಟರೆ ಸಾಕು! ಒಪ್ಪಂದ ಮಾಡುವಾಗ ಬೇಕಾದವರು ನಿಲ್ಲಿಸುವಾಗ ಬೇಡವಾದರೆ ಹೇಗೆ? ನನಗಂತೂ ಇದು ಸರಿ ಕಾಣುತ್ತಿಲ್ಲ.

ನಮ್ಮ ಭಾರತದಲ್ಲಿ ಇಂಥ ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಒಪ್ಪಿಗೆಯೇ ಬೇಕಿಲ್ಲ ಅಲ್ವಾ. ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಒಪ್ಪಂದ ಜಾರಿಗೆ ಕಾನೂನು ಮಾಡುವ ಅಧಿಕಾರ ಮಾತ್ರ ಕೊಡುತ್ತದೆ.

ನನಗೆ ಬೇಕಾಗಿರುವುದು ಇಷ್ಟು. 2006ರ ಸೇನಾ ದಂಗೆಯ ನಂತರ ಫಿಜಿ ಜೊತೆ ಇಂಥ ಷರತ್ತಿನಡಿ ಮಾತುಕತೆ ನಡೆಯಿತು. ಆಗ ಯುರೋಪಿನ ಸಂಸದರು ಏನು ಮಾಡಿದರು ಅಂತ ಓದಿದವರಿದ್ದೀರಾ? ನಮ್ಮ ಲೋಕಸಭೆಯಲ್ಲಿ 1994ರ ಒಪ್ಪಂದದ ಬಗ್ಗೆ ಚರ್ಚೆ ಆಗಿದ್ದರೆ ಎಲ್ಲಿ ಹುಡುಕಲಿ? ಕಾನೂನು ಓದಿದವರು ದಯವಿಟ್ಟು ತಿಳಿಸಿ. ಭಾನುವಾರದೊಳಗೆ ಸಿಕ್ಕರೆ ತುಂಬಾ ಉಪಕಾರ.