ಮೊದಲು ಚೆನ್ನೆಮಣೆ, ಆಮೇಲೆ ಮಾತು: ಸಂಕೋಚದ ಮಗುವಿನ ಜೊತೆ ಮಲೆನಾಡಿಗೆ ಹೊರಟವರಿಗೆ

ರಜೆಗೆ ವಿದೇಶದಿಂದ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಹೊರಟವರು ಟಿಕೆಟ್ ತೆಗೆಯುವ ಮೊದಲು ಒಂದು ಲೆಕ್ಕ ಹಾಕಿಕೊಳ್ಳಿ. ಅಮೆರಿಕದ ಮಕ್ಕಳಿಗೆ ದೊಡ್ಡ ರಜೆ ಜೂನ್‌ನಿಂದ ಆಗಸ್ಟ್. ಆಗ ಊರಲ್ಲಿ ಜಡಿಮಳೆ, ಊರಿನ ಮಕ್ಕಳಿಗೆಲ್ಲ ಶಾಲೆ. ಆಟಕ್ಕೆ ಜೊತೆ ಸಿಗುವುದು ಸಂಜೆ, ಶನಿವಾರ ಮಧ್ಯಾಹ್ನ, ಭಾನುವಾರ, ಇಲ್ಲವೇ ಮಳೆಗೆಂದು ರಜೆ ಕೊಟ್ಟ ದಿನ. ಇಂಗ್ಲೆಂಡಿನವರಿಗೆ ಅನುಕೂಲ ಹೆಚ್ಚು: ಈಸ್ಟರ್ ರಜೆ ಏಪ್ರಿಲ್ ಮಧ್ಯಕ್ಕೆ ಬಿದ್ದರೆ ಕರ್ನಾಟಕದ ಬೇಸಿಗೆ ರಜೆಯೂ ಶುರುವಾಗಿರುತ್ತದೆ, ಓಣಿ ತುಂಬ ಮಕ್ಕಳು. ಸಂಕೋಚದ ಮಗುವಿಗೆ ಹತ್ತು ಊರು ಸುತ್ತುವುದಕ್ಕಿಂತ ಒಂದೇ ಮನೆಯಲ್ಲಿ, ಅದೇ ಇಬ್ಬರು ಮೂವರು ಮಕ್ಕಳ ಜೊತೆ ಎರಡು ವಾರ ಕಳೆಯುವುದು ಮೇಲು.

ಕೆಲಸ ಕೆಡುವುದು ಮೊದಲ ದಿನ, ಜಗಲಿಯಲ್ಲೇ. ಹತ್ತು ಜನ ಸುತ್ತ ಕೂತು "ಹೆಸರೇನು ಮರಿ? ಕನ್ನಡ ಬರುತ್ತಾ? ಒಂದು ಹಾಡು ಹೇಳು" ಎನ್ನುತ್ತಾರೆ. ಅವರದು ಪ್ರೀತಿಯೇ, ಆದರೆ ಮಗುವಿಗೆ ಅದು ಪರೀಕ್ಷೆ. ಅದು ಅಮ್ಮನ ಹಿಂದೆ ಸರಿಯುತ್ತದೆ, ಅಮ್ಮ "ಅವಳಿಗೆ ಸ್ವಲ್ಪ ನಾಚಿಕೆ" ಎನ್ನುತ್ತಾರೆ. ಅಲ್ಲಿಗೆ ಆ ಹೆಸರು ಅಂಟಿತು. ಬದಲಿಗೆ "ಅವಳು ಮೊದಲು ನೋಡ್ತಾಳೆ, ಆಮೇಲೆ ಬರ್ತಾಳೆ" ಅನ್ನಿ. ಕೈಗೊಂದು ಕೆಲಸ ಕೊಡಿ: ಪಾನಕದ ಲೋಟ ಹಂಚುವುದು, ಕವಳದ (ಎಲೆ ಅಡಿಕೆಯ) ತಟ್ಟೆ ಅಜ್ಜನಿಗೆ ಕೊಡುವುದು. ಅಜ್ಜ ಅಜ್ಜಿಗೆ ಒಂದು ವಾರ ಮೊದಲೇ ಫೋನಿನಲ್ಲಿ ಹೇಳಿಟ್ಟಿರಿ, ಮೊದಲ ದಿನ ಪ್ರಶ್ನೆ ಬೇಡ ಎಂದು. ಮಗುವಿನ ಉಚ್ಚಾರಣೆಗೆ ಯಾರೂ ನಗಬಾರದು ಎನ್ನುವುದನ್ನೂ ಅದೇ ಫೋನಿನಲ್ಲಿ ಹೇಳಿ. ಒಂದು ಸಲ ನಕ್ಕರೆ ಮಗು ಮತ್ತೆ ಬಾಯಿ ಬಿಡುವುದಕ್ಕೆ ದಿನಗಟ್ಟಲೆ ಬೇಕು.

ಉಳಿದ ಮಕ್ಕಳು ಆಡುವಾಗ ನಿಮ್ಮ ಮಗು ಕಂಬ ಹಿಡಿದು ನೋಡುತ್ತ ನಿಂತರೆ ದೂಡಬೇಡಿ. ಹಾಗೆ ನೋಡುವುದೂ ಆಟದ ಒಂದು ಬಗೆ ಎಂದು ಮಕ್ಕಳ ಆಟವನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಗುರುತಿಸಿದ್ದರು. ಪಕ್ಕದಲ್ಲಿ ಕೂತು ತನ್ನಷ್ಟಕ್ಕೆ ಆಡುವುದು, ಆಮೇಲೆ ಜೊತೆ ಸೇರುವುದು ಅದರ ಮುಂದಿನ ಹಂತಗಳು.

ಮಳೆಗಾಲದ ಮನೆಯೊಳಗೆ ಚೆನ್ನೆಮಣೆಗೆ, ಅಂದರೆ ಗುಳಿ ತೋಡಿದ ಮರದ ಮಣೆಯಲ್ಲಿ ಇಬ್ಬರು ಬೀಜ ಹಾಕಿ ಆಡುವ ಆಟಕ್ಕೆ, ಸಮನಾದದ್ದಿಲ್ಲ. ಕಣ್ಣು ಎದುರಿನವರ ಮುಖದ ಮೇಲಲ್ಲ, ಮಣೆಯ ಮೇಲಿರುತ್ತದೆ. ಸರದಿ ತಾನಾಗಿ ಬರುತ್ತದೆ, ಕೇಳಿ ಪಡೆಯಬೇಕಿಲ್ಲ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಬೀಜ, ಒಟ್ಟು 56. ತನ್ನ ಕಡೆಯ ಒಂದು ಗುಳಿ ಬರಿದು ಮಾಡಿ ಮುಂದಿನವಕ್ಕೆ ಒಂದೊಂದೇ ಬೀಜ ಹಾಕುತ್ತ ಹೋಗಬೇಕು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿ ಎತ್ತಿ ಆಟ ಮುಂದುವರಿಸಬೇಕು. ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯ ಬೀಜವೆಲ್ಲ ತನ್ನದು. ನಿಯಮ ಮನೆಯಿಂದ ಮನೆಗೆ ಬದಲಾಗುತ್ತದೆ, ತಪ್ಪಾಡಿದೆ ಅನ್ನಿಸಿದರೆ ಈ ಮಕ್ಕಳು ಮಣೆ ಬಿಟ್ಟು ಎದ್ದೇಬಿಡುತ್ತಾರೆ. ಅದಕ್ಕೇ ಆ ಮನೆಯ ನಿಯಮವನ್ನು ಎರಡು ದಿನ ಅಜ್ಜಿಯ ಜೊತೆ ಆಡಿ ರೂಢಿ ಮಾಡಿಸಿ, ಮೂರನೆಯ ದಿನ ಇನ್ನೊಂದು ಮಗುವನ್ನು ಕೂರಿಸಿ. ಮೊದಲು ಹೊರಡುವ ದನಿ ಸಾಮಾನ್ಯವಾಗಿ ಎಣಿಕೆಯದೇ: ಒಂದು, ಎರಡು, ಮೂರು. ಹುಣಸೆ ಬೀಜವೋ ಕವಡೆಯೋ ಸಾಕು. ಗುಲಗಂಜಿ ಖಂಡಿತ ಬೇಡ, ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಮೂರು ವರ್ಷದೊಳಗಿನ ತಮ್ಮ ತಂಗಿಯರಿದ್ದರೆ ಯಾವ ಬೀಜವೂ ಅವರ ಕೈಗೆ ಸಿಗಬಾರದು.

ಜೊತೆಗೆ ಯಾರನ್ನು ಕೂರಿಸಬೇಕು? ವಯಸ್ಸಿನಲ್ಲಿ ಒಂದೆರಡು ವರ್ಷ ಚಿಕ್ಕ ಮಗುವನ್ನು. 1979ರಲ್ಲಿ ಫರ್ಮನ್, ರಾಹೆ, ಹಾರ್ಟಪ್ ಎಂಬ ಮನಃಶಾಸ್ತ್ರ ಸಂಶೋಧಕರು ಒಂಟಿಯಾಗಿ ಉಳಿಯುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ಜೊತೆಗಾರರನ್ನು ಕೊಟ್ಟು ತಲಾ ಹತ್ತು ಸಲ ಆಡಿಸಿ ನೋಡಿದರು. ಹೆಚ್ಚು ಚೇತರಿಸಿಕೊಂಡವರು ತಮಗಿಂತ ಚಿಕ್ಕವರ ಜೊತೆ ಆಡಿದ ಮಕ್ಕಳು. ಚಿಕ್ಕವರ ಮುಂದೆ ಹೇಳಿಕೊಡುವ, ಮುಂದಾಳಾಗುವ ಅವಕಾಶ ಸಿಗುತ್ತದೆ. ನಾವು ಮಾಡುವುದು ಉಲ್ಟಾ: ಜೋರಿನ ದೊಡ್ಡ ಕಸಿನ್‌ಗೆ ಒಪ್ಪಿಸಿ "ನೋಡ್ಕೋ" ಎನ್ನುತ್ತೇವೆ.

ಮಳೆ ಬಿಟ್ಟಾಗ ಅಂಗಳದಲ್ಲಿ ಹಾಳೆ ಎಳೆಯುವ ಆಟ. ತೋಟದಲ್ಲಿ ಉದುರಿದ ಅಡಿಕೆ ಸೋಗೆ ತನ್ನಿ, ಅದರ ಬುಡದ ಅಗಲವಾದ ಹಾಳೆ ಸೀಳಿರಬಾರದು. ಒಬ್ಬರು ಹಾಳೆಯ ಮೇಲೆ ಕೂತು ಮುಂದಿನ ದಂಟು ಹಿಡಿಯುತ್ತಾರೆ, ಇನ್ನೊಬ್ಬರು ಸೋಗೆಯ ತುದಿ ಹಿಡಿದು ಎಳೆಯುತ್ತಾರೆ. ಒಬ್ಬರಿಂದ ಆಗದ ಆಟ, ಮಾತೂ ಬೇಕಿಲ್ಲ. ನಿಮ್ಮ ಮಗು ಮೊದಲು ಎಳೆಯಲಿ. ವೇಗ ಅದರ ಕೈಯಲ್ಲಿದ್ದರೆ ಹೆದರಿಕೆ ಕಡಿಮೆ. ಪಾಚಿ ಕಟ್ಟಿದ ಜಾಗ ಬಿಡಿ, ತೋಟಕ್ಕೆ ಇಳಿಸುವಾಗ ಉಂಬಳ (ಜಿಗಣೆ) ಹತ್ತದಿರಲೆಂದು ಉದ್ದ ಕಾಲುಚೀಲ ಹಾಕಿಸಿ.

ಲಗೋರಿ ಕೊನೆಗಿರಲಿ. ಏಳು ಕಲ್ಲು ಜೋಡಿಸುವುದು ಮಕ್ಕಳಿಗೆ ಇಷ್ಟ, ಚೆಂಡಿನ ಏಟು ಇಷ್ಟವಲ್ಲ. ಹಳೆಯ ಕಾಲುಚೀಲ ಸುತ್ತಿದ ಮೆತ್ತನೆ ಚೆಂಡು ಮಾಡಿ. ಗುಂಪಿಗೆ ಸೇರಿಸಲು "ಹೋಗಿ ಕೇಳು" ಎಂದು ಅಟ್ಟಿದರೆ ಹೆಚ್ಚಾಗಿ "ಜನ ಸಾಕು" ಎಂಬ ಉತ್ತರವೇ ಸಿಗುತ್ತದೆ. ಅಂಚಿನಲ್ಲಿ ನಿಂತು ದೂರ ಹೋದ ಚೆಂಡು ತಂದುಕೊಡುವ ಮಗು ಕೇಳದೆಯೇ ಒಳಗಾಗುತ್ತದೆ. "ಈಗ ಯಾರ ಸರದಿ?", "ಇನ್ನೊಂದ್ಸಲ", "ನಂಗೆ ಕೊಡು" ಇಂಥ ಐದಾರು ಮಾತು ವಿಮಾನ ಹತ್ತುವ ಮೊದಲೇ ಬಾಯಿಗೆ ಬಂದಿರಲಿ. ಯಾರಾದರೂ ಏನಾದರೂ ಕೇಳಿದಾಗ ಮನಸ್ಸಿನಲ್ಲೇ ಐದು ಎಣಿಸಿ, ಮಗುವಿನ ಪರವಾಗಿ ನೀವು ಉತ್ತರಿಸಬೇಡಿ. ಆಮೇಲೂ ಸುಮ್ಮನಿದ್ದರೆ "ದೋಸೆನಾ, ಕಡುಬಾ?" ಎಂಬಂಥ ಪ್ರಶ್ನೆ ಕೇಳಿ, ಬೆರಳು ತೋರಿಸಿದರೂ ಉತ್ತರವೇ.

ಒಂದು ಎಚ್ಚರಿಕೆ. ಹೊಸ ಭಾಷೆಯ ನಡುವೆ ಮಗು ಕೆಲವು ತಿಂಗಳು ಮೌನವಾಗಿರುವುದು ಸಹಜ. ಆದರೆ ಮನೆಯಲ್ಲಿ ಹರಟುವ ಮಗು, ಭಾಷೆ ಚೆನ್ನಾಗಿ ಬಂದರೂ ಶಾಲೆಯಲ್ಲಿ ತಿಂಗಳಿಗೂ ಮೀರಿ ಒಂದು ಮಾತೂ ಆಡದಿದ್ದರೆ (ಸೇರಿದ ಮೊದಲ ತಿಂಗಳು ಬಿಟ್ಟು) ಅದು ಸೆಲೆಕ್ಟಿವ್ ಮ್ಯೂಟಿಸಮ್ ಇರಬಹುದು. ಅದು ಹಟವಲ್ಲ, ಆತಂಕ. ರಜೆ ಮುಗಿಯಲೆಂದು ಕಾಯದೆ ಮಕ್ಕಳ ಮನಃಶಾಸ್ತ್ರಜ್ಞರನ್ನೋ ಸ್ಪೀಚ್ ಥೆರಪಿಸ್ಟರನ್ನೋ ಕಾಣಿ.

ವಾಪಸು ಹೋದ ಮೇಲೆ ಆಟ ನಿಲ್ಲಿಸಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಮರದ ಮಣೆ ಒಯ್ಯುವವರು ವಿಮಾನ ನಿಲ್ದಾಣದಲ್ಲಿ ಅದನ್ನು ಘೋಷಿಸಲೇಬೇಕು. ಬೀಜ ಒಯ್ಯದಿರುವುದೇ ಒಳ್ಳೆಯದು, ಗಾಜಿನ ಗೋಲಿ ಸಾಕು. ಮಣೆ ಸಿಗದಿದ್ದರೆ 12 ಮೊಟ್ಟೆಯ ಪೆಟ್ಟಿಗೆಗೆ ಇನ್ನೊಂದರಿಂದ ಕತ್ತರಿಸಿದ ಎರಡು ಗುಳಿ ಅಂಟಿಸಿ. ತರಗತಿಯ ಒಂದೇ ಮಗುವನ್ನು ಮನೆಗೆ ಕರೆಯಿರಿ, ಒಂದು ಗಂಟೆಗೆ ಮಾತ್ರ. ನಿಮ್ಮ ಮಗು ನಿಯಮ ಹೇಳಿಕೊಡಲಿ, ನೀವು ಅಡುಗೆಮನೆಯಲ್ಲಿರಿ.