ಅಕ್ಷರದ ಕಾರ್ಡೆಲ್ಲ ಸೋಫಾ ಕೆಳಗೆ ತುರುಕುತ್ತಾನೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಸದ್ಯಕ್ಕೆ ಎಲ್ಲೂ ಸೇರಿಸದೆ ಮನೆಯಲ್ಲೇ ಕಲಿಸೋಣ ಅಂದುಕೊಂಡಿದ್ದೇವೆ. ಬೆಳಿಗ್ಗೆ ಹತ್ತರಿಂದ ಹನ್ನೊಂದು ಅಂತ ಟೈಂಟೇಬಲ್ ಹಾಕಿದೆ. ಅಕ್ಷರದ ಕಾರ್ಡು, ಬಣ್ಣದ ಕಾರ್ಡು ತಂದೆ. ಎರಡು ನಿಮಿಷ ನೋಡುತ್ತಾನೆ, ಆಮೇಲೆ ಒಂದೊಂದಾಗಿ ಸೋಫಾ ಕೆಳಗೆ ತುರುಕುತ್ತಾನೆ. ಇಲ್ಲಾಂದ್ರೆ ಬಚ್ಚಲಿಗೆ ಓಡಿ ಮಗ್ಗಿನಲ್ಲಿ ನೀರು ಸುರಿಯುತ್ತಾ ಕೂರುತ್ತಾನೆ. ಒಂದರಿಂದ ಹತ್ತು ಬಾಯಿಪಾಠ ಹೇಳುತ್ತಾನೆ, ಪೆನ್ಸಿಲ್ ಕೊಟ್ಟರೆ ಮಾತ್ರ ಮುಷ್ಟಿಯಲ್ಲಿ ಹಿಡಿದು ಗೀಚುತ್ತಾನೆ. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ (ಶಿಶುವಿಹಾರದ ಶಿಕ್ಷಕಿ): ಟೈಂಟೇಬಲ್ ಮಡಚಿಡಿ. ಅದು ಇರೋದು ನಿಮ್ಮ ಆತಂಕಕ್ಕೆ, ಅವನ ಕಲಿಕೆಗಲ್ಲ. ಹುಡುಗ ಆಗಲೇ ಪಾಠ ಶುರುಮಾಡಿದ್ದಾನೆ. ನೀವು ಬೇರೆ ಪುಟದಲ್ಲಿದ್ದೀರಿ, ಅಷ್ಟೇ.

ಕಾರ್ಡು ತುರುಕುವುದನ್ನೇ ನೋಡಿ. ಸಂದಿಗೆ ಸರಿಯಾಗಿ ಕಾರ್ಡನ್ನು ಅಡ್ಡ ತಿರುಗಿಸಬೇಕು, ಬೆರಳಿನಿಂದ ಒತ್ತಬೇಕು, ಕಣ್ಣಿಗೆ ಕಾಣದೆ ಹೋದದ್ದು ಒಳಗೇ ಇದೆ ಅಂತ ನೆನಪಿಡಬೇಕು. ಒಂದು ಚಪ್ಪಲಿ ಡಬ್ಬಿ ತಗೊಂಡು ಮುಚ್ಚಳದಲ್ಲಿ ಉದ್ದಕ್ಕೊಂದು ಸೀಳು ಮಾಡಿ ಕೊಡಿ. ಅದೇ ಕಾರ್ಡುಗಳನ್ನು ಅದರೊಳಗೆ ಹಾಕಲಿ. ಹಾಕುವಾಗ ನೀವು ಸುಮ್ನೆ 'ಕೆಂಪು ಹೋಯ್ತು, ಹಳದಿ ಹೋಯ್ತು' ಅನ್ನುತ್ತಿರಿ. 'ಇದು ಯಾವ ಬಣ್ಣ ಹೇಳು' ಅಂತ ಕೇಳಬೇಡಿ. ಕೇಳಿದ ಕೂಡಲೇ ಆಟ ಹೋಗಿ ಪರೀಕ್ಷೆ ಆಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೆ ಕೇಳಿ ಕೇಳಿ ಮಕ್ಕಳನ್ನು ಓಡಿಸಿದ್ದೇನೆ!

ಇನ್ನು ನೀರು. ಒಂದು ಅಗಲ ತಟ್ಟೆಯಲ್ಲಿ ಎರಡು ಲೋಟ ಇಡಿ, ಒಂದರಲ್ಲಿ ಅರ್ಧ ನೀರು, ಪಕ್ಕದಲ್ಲೊಂದು ಒರೆಸುವ ಬಟ್ಟೆ. ಒಮ್ಮೆ ನಿಧಾನವಾಗಿ ಸುರಿದು ತೋರಿಸಿ, ಬಾಯಿ ಮುಚ್ಚಿಕೊಂಡು. ಆಮೇಲೆ ಅವನ ಮುಖ ಗಮನಿಸಿ. ನಾಲಿಗೆ ತುದಿ ಹೊರಗೆ, ಎರಡೂ ಕೈ ಲೋಟದ ಮೇಲೆ, ಉಸಿರು ಬಿಗಿಹಿಡಿದಿರುತ್ತಾನೆ. ಕಾರ್ಡಿಗೆ ಎರಡು ನಿಮಿಷ ಕೊಡದವನು ಇಲ್ಲಿ ಜಾಸ್ತಿ ಹೊತ್ತು ಕೂರುತ್ತಾನೆ. ಚೆಲ್ಲಿದರೆ ಬಟ್ಟೆ ಅವನ ಕೈಗೇ ಕೊಡಿ, ಒರೆಸೋದು ಅವನಿಗೆ ಇನ್ನೊಂದು ಆಟ. ಒಂದೇ ಒಂದು ಕಟ್ಟುನಿಟ್ಟು: ನೀರಿನ ಹತ್ತಿರ ಅವನೊಬ್ಬನನ್ನೇ ಬಿಟ್ಟು ಫೋನ್ ತರಲಿಕ್ಕೂ ಏಳಬೇಡಿ. ಈ ವಯಸ್ಸಿನ ಮಗು ಮುಳುಗಲು ನಾಲ್ಕು ಬೆರಳು ನೀರು ಸಾಕು. ಆಟ ಮುಗಿದ ತಕ್ಷಣ ಬಕೆಟ್ ಖಾಲಿ ಮಾಡಿ.

ಒಂದರಿಂದ ಹತ್ತು ಅವನಿಗೆ ಸದ್ಯಕ್ಕೆ ಒಂದು ಹಾಡು. 'ಎರಡು ಕಾಲುಚೀಲ ತಗೊಂಡು ಬಾ' ಅಂದು ನೋಡಿ, ಬಹುಶಃ ತೋಳು ತುಂಬ ತರುತ್ತಾನೆ. ಮಕ್ಕಳಿಗೆ ಮೊದಲು 'ಒಂದು' ಅಂದರೆ ಎಷ್ಟು ಅನ್ನೋದು ತಿಳಿಯುತ್ತದೆ, 'ಎರಡು' ಆಮೇಲೆ, 'ಮೂರು' ಇನ್ನೂ ಕೆಲವು ತಿಂಗಳಿಗೆ. ಅದಕ್ಕೇ ಹತ್ತರವರೆಗೆ ಹೇಳಿಸೋದು ಬಿಟ್ಟು, ಬಟ್ಟೆ ಮಡಚುವಾಗ 'ನನಗೊಂದು, ನಿನಗೊಂದು' ಅಂತ ಹಂಚಿ.

ಪೆನ್ಸಿಲ್ ಮುಷ್ಟಿಯಲ್ಲಿ ಹಿಡಿಯೋದು ಈ ವಯಸ್ಸಿಗೆ ಸರಿಯೇ. ಹಳೇ ಪೇಪರ್ ಹರಿಯಲಿ, ಒದ್ದೆ ಸ್ಪಂಜು ಹಿಂಡಲಿ, ಬೆರಳಿಗೆ ಬಲ ಬರುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಮೇಡಂ, ನಮ್ಮ ಮಗಳಿಗೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಬೇರೆ ಮಕ್ಕಳ ಪಕ್ಕ ಕೂರುತ್ತಾಳೆ, ಜೊತೆಗೆ ಆಡಲ್ಲ. ಮನೆಯಲ್ಲೇ ಇಟ್ಟುಕೊಂಡು ಹೀಗಾಯ್ತಾ? ಮತ್ತೆ, ನನಗೆ ಸಿಗೋದು ಸಂಜೆ ಒಂದು ಗಂಟೆ ಮಾತ್ರ. ಕಲಿಕೆಯ ವಿಡಿಯೊ ಹಾಕಿಕೊಟ್ಟರೆ ಆಗಲ್ವಾ?

ಉತ್ತರ: ಪಕ್ಕದಲ್ಲಿ ಕೂತು ತನ್ನ ಪಾಡಿಗೆ ತಾನು ಆಡೋದು ಎರಡರ ಆಸುಪಾಸಿನಲ್ಲಿ ಸಹಜ. ಮಿಲ್ಡ್ರೆಡ್ ಪಾರ್ಟನ್ ಅನ್ನುವ ಸಂಶೋಧಕಿ 1932ರಲ್ಲೇ ಇದನ್ನು ಒಂದು ಬಗೆಯ ಆಟ ಅಂತ ಗುರುತಿಸಿದ್ದರು. ಅವಳು ಪಕ್ಕದ ಮಗುವನ್ನು ಕದ್ದು ನೋಡುತ್ತಿರುತ್ತಾಳೆ, ಗಮನಿಸಿ.

ವಿಡಿಯೊ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಎರಡು ವರ್ಷದ ಮಗುವಿಗೆ ದಿನಕ್ಕೆ 1 ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು ಅಂತ. ಅದೇ ಸಲಹೆಯಲ್ಲಿ ದಿನಕ್ಕೆ 180 ನಿಮಿಷವಾದರೂ ಓಡಾಟ, ಕುಣಿತ, ಮೈ ಆಡಿಸುವ ಆಟ ಇರಬೇಕು ಅಂತಲೂ ಇದೆ. ಜನ ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ನಿಮ್ಮ ಒಂದು ಗಂಟೆಯನ್ನು ವಿಡಿಯೊಗೆ ಕೊಡಬೇಡಿ. ಒಂದು ಪುಸ್ತಕ ಓದಿ. ಅದನ್ನೇ ಮತ್ತೆ ಓದು ಅಂದರೆ ಮತ್ತೆ ಓದಿ. ನಿಮಗೆ ಬೇಸರ ಬರುತ್ತದೆ, ಅವಳಿಗೆ ಬರಲ್ಲ. ಅವಳು ತಿಂಗಳಾದರೂ ಒಂದೊಂದೇ ಪದದಲ್ಲಿ ನಿಂತಿದ್ದರೆ, 'ಅಪ್ಪ ಬಾ' ಥರ ಎರಡು ಪದ ಸೇರಿಸುತ್ತಿಲ್ಲ ಅಂದರೆ, ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಕಾಯುತ್ತಾ ಕೂರಬೇಡಿ.

ಮೊದಲು ಕೇಳಿದವರು: ಮೇಡಂ, ಡಬ್ಬಿ ಮಾಡಿಕೊಟ್ಟೆ. ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ! ಈಗ ಕಾರ್ಡು ಮುಗಿದ ಮೇಲೆ ಗುಂಡಿ, ನಾಣ್ಯ ಕೇಳುತ್ತಿದ್ದಾನೆ. ಕೊಡಲಾ?

ಉತ್ತರ: ಬೇಡ, ಮೂರು ವರ್ಷ ದಾಟುವವರೆಗೆ ಬಾಯಿಗೆ ಹೋಗಿ ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದು ಯಾವುದೂ ಬೇಡ. ಟಿಶ್ಯೂ ಸುರುಳಿಯ ನಡುವಿನ ರಟ್ಟಿನ ಕೊಳವೆಯಲ್ಲಿ ತೂರಿ ಹೋಗುವ ಸಾಮಾನಾದರೆ ಅವನಿಗೆ ಅದು ಚಿಕ್ಕದು ಅಂತ ಲೆಕ್ಕ. ಸೀಳನ್ನು ಸ್ವಲ್ಪ ಅಗಲ ಮಾಡಿ ಕಾಲುಚೀಲ ಕೊಡಿ. ಮೆತ್ತಗಿರೋದನ್ನು ತುರುಕೋದು ಕಾರ್ಡಿಗಿಂತ ಕಷ್ಟ. ಎಲ್ಲ ಹಾಕಿದ ಮೇಲೆ ಮುಚ್ಚಳ ಅವನೇ ತೆಗೆಯಲಿ, ನೀವು ಕೈ ಹಾಕಬೇಡಿ.