ಯೇಸಪ್ಪ ನಡೆಯೋಕೆ ಕಲಿಯುವಾಗ ಬಿದ್ದಿದ್ರಾ?

ಸಂಡೇ ಸ್ಕೂಲ್ ಟೀಚರ್, ಹುಬ್ಬಳ್ಳಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಕಲಿಸಲು ಶುರುಮಾಡಿ 11 ವರ್ಷ ಆಯ್ತು. ಕಳೆದ ಭಾನುವಾರ ಬೈಬಲಿನ ಲೂಕ ಸುವಾರ್ತೆಯ 2ನೇ ಅಧ್ಯಾಯ ತೆಗೆದುಕೊಂಡಿದ್ದೆ. 12 ವರ್ಷದ ಯೇಸು ಯೆಹೂದ್ಯರ ಪಸ್ಕ ಹಬ್ಬ ಮುಗಿದ ಮೇಲೂ ದೇವಾಲಯದಲ್ಲೇ ಉಳಿದ ಕಥೆ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದಳು. ಕೈ ಎತ್ತಿ ಕೇಳಿದಳು: "ಟೀಚರ್, ಯೇಸಪ್ಪ ನಡೆಯೋಕೆ ಕಲಿಯುವಾಗ ಬಿದ್ದಿದ್ರಾ? ಅವರಿಗೆ ಅಕ್ಷರ ಎಲ್ಲಾ ಮೊದಲೇ ಬರ್ತಿತ್ತಾ?"

"ಅವರು ದೇವರಲ್ವಾ, ಎಲ್ಲಾ ಗೊತ್ತಿತ್ತು" ಅಂದುಬಿಟ್ಟೆ. ಅವಳ ಮುಖ ಸಪ್ಪಗಾಯಿತು. "ಹಾಗಾದ್ರೆ ನನ್ನ ಥರ ಅಲ್ಲ" ಅಂದಳು.

ಆ ಮಾತು ನನ್ನನ್ನು ಬಿಡುತ್ತಿಲ್ಲ. ಮನೆಗೆ ಬಂದು ಅಧ್ಯಾಯ ಮತ್ತೆ ಓದಿದೆ. ಯೇಸು ಜ್ಞಾನದಲ್ಲಿ ಬೆಳೆದ ಅಂತ 52ನೇ ವಚನದಲ್ಲಿ ಸ್ಪಷ್ಟವಾಗಿ ಇದೆ. ಎಲ್ಲಾ ಗೊತ್ತಿದ್ದವನು ಜ್ಞಾನದಲ್ಲಿ ಬೆಳೆಯುವುದು ಹೇಗೆ? ಬಿದ್ದರು, ತೊದಲಿದರು, ಕಲಿತರು ಅಂದರೆ ಅವರ ದೈವತ್ವಕ್ಕೆ ಕುಂದು ಬರುತ್ತಾ? ಬರುವ ಭಾನುವಾರ ಆ ಮಗುವಿಗೆ ಏನು ಹೇಳಲಿ?

ನಿವೃತ್ತ ಸಭಾಪಾಲಕ, ಧಾರವಾಡ

ತಂಗೀ, ನಿಮ್ಮ ಹುಡುಗಿ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. 4ನೇ ಶತಮಾನದಲ್ಲಿ ಅಪೊಲಿನಾರಿಸ್ ಎಂಬ ಬಿಷಪ್ ಇದ್ದರು. ಯೇಸುವಿಗೆ ಮನುಷ್ಯನ ಮೈ ಇತ್ತು, ಮನುಷ್ಯನ ಮನಸ್ಸು ಇರಲಿಲ್ಲ, ಆ ಜಾಗದಲ್ಲಿ ದೇವರ ವಾಕ್ಯವೇ, ಅಂದರೆ ಆತನ ದೈವತ್ವವೇ ಇತ್ತು ಎಂದರು. ಯೇಸುವಿನ ಮಹಿಮೆ ಕಾಯಬೇಕು ಅಂತಲೇ ಹೇಳಿದ ಮಾತು ಅದು. ಆದರೆ ಸಭೆ ಒಪ್ಪಲಿಲ್ಲ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಮಹಾಸಭೆ ಅದನ್ನು ತಳ್ಳಿಹಾಕಿತು. ಅದೇ ಕಾಲದ ಬಿಷಪ್ ನಜಿಯಾನ್ಜದ ಗ್ರೆಗೊರಿಯವರು ಕೊಟ್ಟ ಕಾರಣ ನನಗೆ ತುಂಬಾ ಹಿಡಿಸುತ್ತದೆ. ಕ್ರಿಸ್ತನು ಯಾವುದನ್ನು ತನ್ನದಾಗಿ ಮಾಡಿಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ ಅಂತ. ಕಲಿಯುವ ಮನಸ್ಸನ್ನು ಬಿಟ್ಟು ಬರೀ ಮೈ ತೊಟ್ಟು ಬಂದಿದ್ದರೆ ನಮ್ಮ ಮನಸ್ಸನ್ನು ವಾಸಿ ಮಾಡುವವರು ಯಾರು?

451ರಲ್ಲಿ ಕಲ್ಸೆದೋನ್‌ನಲ್ಲಿ ಸೇರಿದ ಮಹಾಸಭೆ ಮತ್ತೂ ಸ್ಪಷ್ಟ ಮಾಡಿತು. ಪೂರ್ಣ ದೇವರು, ಪೂರ್ಣ ಮನುಷ್ಯ, ಪಾಪ ಒಂದನ್ನು ಬಿಟ್ಟು ಎಲ್ಲದರಲ್ಲೂ ನಮ್ಮ ಹಾಗೆ. ಎಡವಿ ಬೀಳುವುದು ಪಾಪವಲ್ಲ. ಅಕ್ಷರ ಬಾರದಿರುವುದೂ ಪಾಪವಲ್ಲ. ಹಾಗಾಗಿ ಧೈರ್ಯವಾಗಿ ಹೇಳಿ.

ಇನ್ನೊಂದು ಮಾತು. ಆ ಕಥೆಯನ್ನು ನಾವು 'ಬಾಲಕ ಯೇಸು ಪಂಡಿತರಿಗೆ ಪಾಠ ಹೇಳಿದ' ಅಂತ ಹೇಳಿಬಿಡುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಬೋಧಿಸಿದೆ. 46ನೇ ವಚನ ನೋಡಿ. ಆತನು ಬೋಧಕರ ನಡುವೆ ಕೂತು ಅವರ ಮಾತು ಕೇಳುತ್ತಿದ್ದ, ಪ್ರಶ್ನೆ ಮಾಡುತ್ತಿದ್ದ. ನಿಮ್ಮ ಹುಡುಗಿ ಮಾಡಿದ್ದೂ ಅದನ್ನೇ.

ಬಡಗಿ, ಗದಗ

ಅಕ್ಕೋರೇ, ನಾನು ಮರಗೆಲಸದವನು. ಮಾರ್ಕ 6:3ರಲ್ಲಿ ಯೇಸು ಬೆಳೆದ ಊರಾದ ನಜರೇತಿನ ಜನ ಆತನನ್ನು ಕುರಿತು 'ಇವನು ಬಡಗಿಯಲ್ಲವೇ' ಅಂತಾರೆ. ಅವರು ಹೇಳಿದ್ದು ಹೀಯಾಳಿಸಿ. ನನಗೆ ಮಾತ್ರ ಅದನ್ನು ಓದಿದಾಗಲೆಲ್ಲ ಎದೆ ತುಂಬುತ್ತದೆ. ಊರೇ ಬಡಗಿ ಅಂತ ಗುರುತಿಸಬೇಕಾದರೆ ಕೈ ಪಳಗಿರಬೇಕು. ಕೈ ಒಂದೇ ದಿನಕ್ಕೆ ಪಳಗುವುದಿಲ್ಲ. ಉಳಿ ಹಿಡಿದ ಮೊದಲ ವಾರವೇ ನಾನು ಎಡಗೈ ಹೆಬ್ಬೆರಳು ಕೊಯ್ದುಕೊಂಡೆ, ಗುರುತು ಇನ್ನೂ ಇದೆ. ಅಪ್ಪ ಅರಿಶಿನ ಒತ್ತಿ ಬಟ್ಟೆ ಕಟ್ಟಿದರು. ಯೇಸುವಿನ ಸಾಕುತಂದೆ ಯೋಸೇಫನೂ ಹಾಗೆ ಎಷ್ಟು ಸಲ ಕಟ್ಟಿದ್ದನೋ. ಗುಡ್ ಫ್ರೈಡೆ ದಿನ ಆ ಕೈಗೆ ಮೊಳೆ ಹೊಡೆದದ್ದನ್ನು ಓದುವಾಗ ನಾನು ಆ ಕೈಯ ಹಳೆಯ ಗಾಯಗಳನ್ನೂ ನೆನೆಯುತ್ತೇನೆ.

ಅಜ್ಜಿ, ಮಂಗಳೂರು

ನಾವು ಕಥೋಲಿಕರು ಮಗಳೇ. ಇಲ್ಲಿ ಬಿಕರ್ನಕಟ್ಟೆಯ ಬಾಲಯೇಸು ಕ್ಷೇತ್ರಕ್ಕೆ ಜನವರಿ 14ರ ಹಬ್ಬಕ್ಕೆ ತಪ್ಪದೆ ಹೋಗುತ್ತೇನೆ. ಬಾಲಯೇಸುವಿನ ಈ ರೂಪ ಪ್ರಾಗ್ ಪಟ್ಟಣದ್ದು. 1628ರಲ್ಲಿ ಅಲ್ಲಿನ ಕಾರ್ಮೆಲ್ ಸಭೆಯ ಗುರುಗಳ ಕೈಸೇರಿದ ಮೂರ್ತಿ ಅದು. ಕಿರೀಟ ಇದೆ, ರಾಜನ ಉಡುಪು ಇದೆ. ಆದರೆ ನನ್ನ ಕಣ್ಣು ಹೋಗುವುದು ಆ ಗುಂಡು ಕೆನ್ನೆಗೆ.

ಯೇಸುಸ್ವಾಮಿಯ ಸಾಮತಿಗಳನ್ನು, ಅಂದರೆ ಅವರು ಹೇಳಿದ ದೃಷ್ಟಾಂತಗಳನ್ನು, ಅಡುಗೆಮನೆಯಲ್ಲಿ ನಿಂತು ಓದಿ ನೋಡು. ಹಿಟ್ಟಿಗೆ ಹುಳಿ ಬೆರೆಸುವ ಹೆಂಗಸು. ಹಳೆ ಬಟ್ಟೆಗೆ ಹಾಕಿದ ಹೊಸ ತೇಪೆ. ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವವಳು. ಸಂತೆಯಲ್ಲಿ ಆಡುವ ಮಕ್ಕಳ ಜಗಳ, ನಾವು ಕೊಳಲು ಊದಿದರೂ ನೀವು ಕುಣಿಯಲಿಲ್ಲ ಅಂತ. ಇದೆಲ್ಲ ಎಲ್ಲಿಂದ ಬಂತು? ನಾನು ಸನ್ನಾಸ್ ಹಿಟ್ಟಿಗೆ ಕಳ್ಳು ಹಾಕಿ ಮುಚ್ಚಿಟ್ಟರೆ ಮೊಮ್ಮಗ ಗಳಿಗೆಗೊಮ್ಮೆ ಬಂದು ಮುಚ್ಚಳ ತೆಗೆಯುತ್ತಾನೆ, ಉಬ್ಬಿತಾ ಅಂತ. ಮೇರಿಮಾತೆಯ ಮಗನೂ ಹಾಗೇ ಪಕ್ಕದಲ್ಲಿ ಕೂತು ನೋಡಿದ್ದಾನೆ ಅಂತ ನನ್ನ ನಂಬಿಕೆ.

ಪಿಯುಸಿ ವಿದ್ಯಾರ್ಥಿ

ಬಾಲ್ಯದಲ್ಲಿ ಯೇಸು ಮಣ್ಣಿನ ಗುಬ್ಬಿಗಳನ್ನು ಮಾಡಿ ಹಾರಿಸಿದ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅದು ನಿಜಾನಾ?

ನಿವೃತ್ತ ಸಭಾಪಾಲಕ, ಧಾರವಾಡ

ಅದು ತೋಮನ ಹೆಸರಿನಲ್ಲಿರುವ ಬಾಲ್ಯದ ಕಥೆಗಳಲ್ಲಿ ಬರುತ್ತದೆ ತಮ್ಮಾ. 12 ಗುಬ್ಬಿಗಳು. ಬೈಬಲ್‌ಗೆ ಸೇರಿದ್ದಲ್ಲ. ಅದೇ ಪುಸ್ತಕದಲ್ಲಿ ಭುಜಕ್ಕೆ ತಾಗಿದ ಹುಡುಗನನ್ನು ಯೇಸು ಶಪಿಸಿ ಸಾಯಿಸುವ ಕಥೆಯೂ ಇದೆ. ಯೋಹಾನ 2:11ರ ಪ್ರಕಾರ ಕಾನಾ ಊರಿನ ಮದುವೆಯಲ್ಲಿ ಮಾಡಿದ್ದೇ ಮೊದಲ ಸೂಚಕಕಾರ್ಯ, ಅಂದರೆ ಮೊದಲ ಪವಾಡ. ಮೇಲೆ ಬಡಗಿಯಣ್ಣ ಹೇಳಿದ ವಚನವನ್ನೇ ನೋಡು. ಚಿಕ್ಕಂದಿನಲ್ಲೇ ಗುಬ್ಬಿ ಹಾರಿಸಿದ್ದರೆ ಊರಿನವರು ಆತನ ಮಹತ್ಕಾರ್ಯ ಕೇಳಿ ಅಷ್ಟೊಂದು ಬೆರಗಾಗುತ್ತಿದ್ದರಾ? ಅವರ ಕಣ್ಣಿಗೆ ಆತ ಅವರ ಮಕ್ಕಳ ಹಾಗೇ ಬೆಳೆದಿದ್ದ.

ಸಂಡೇ ಸ್ಕೂಲ್ ಟೀಚರ್, ಹುಬ್ಬಳ್ಳಿ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಕ್ಲಾಸ್ ಆಯ್ತು. ಮೊದಲು ಆ ಹುಡುಗಿಯ ಪಕ್ಕ ಕೂತು, ಹೋದ ವಾರ ನಾನು ತಪ್ಪು ಹೇಳಿದೆ ಅಂದೆ. "ಯೇಸಪ್ಪನೂ ಬಿದ್ದಿರ್ತಾರೆ, ಅಮ್ಮ ಎತ್ತಿಕೊಂಡಿರ್ತಾರೆ" ಅಂದೆ. "ಅತ್ತಿರ್ತಾರಾ?" ಅಂದಳು. ದೊಡ್ಡವರಾದ ಮೇಲೂ ಅತ್ತಿದ್ದಾರೆ ಅಂತ ಅವರ ಸ್ನೇಹಿತ ಲಾಜರನ ಸಮಾಧಿಯ ಹತ್ತಿರದ ಕಥೆ ಹೇಳಿದೆ. ಬಡಗಿಯಣ್ಣನ ಹೆಬ್ಬೆರಳಿನ ಕಥೆಯನ್ನೂ ಹೇಳಿದೆ, ಹುಡುಗರು ತಮ್ಮ ತಮ್ಮ ಗಾಯದ ಗುರುತು ತೋರಿಸತೊಡಗಿದರು.

ಆಮೇಲೆ ಅಕ್ಷರದ ವಿಷಯ. ಯೇಸು ಬೆಳೆದ ಊರಿನ ಸಭಾಮಂದಿರದಲ್ಲೇ ಪ್ರವಾದಿ ಯೆಶಾಯನ ಗ್ರಂಥದ ಸುರುಳಿ ಬಿಚ್ಚಿ ಓದಿದರು, ಅಂದರೆ ಯಾವಾಗಲೋ ಒಂದೊಂದೇ ಅಕ್ಷರ ಕಲಿತಿರಬೇಕು ಅಲ್ವಾ ಅಂದೆ. ಇಬ್ರಿಯ ಭಾಷೆಗೆ 22 ಅಕ್ಷರ ಅಂತಲೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: "ಅದರಲ್ಲಿ ಯಾವ ಅಕ್ಷರ ಅವರಿಗೆ ಕಷ್ಟ ಆಗ್ತಿತ್ತು ಟೀಚರ್? ನನಗೆ 'ಋ' ಬರೆಯೋಕೆ ಬರಲ್ಲ."